ಹರೆಯದ ಹಾಲಸ್ವಾಮಿ, ಹರೆಯದ ಪುಟ್ಟಯ್ಯ

ಶಿವಮೊಗ್ಗದ ರವೀಂದ್ರನಗರದಲ್ಲಿ, ರಂಗಪ್ಪನ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಕೂಡುವ ಗುಂಪಿಗೆ ಪಂಚಾಯ್ತಿ ಎಂದು ಹೆಸರಿಟ್ಟವನು ಮಧುಸೂದನ. ಪಂಚ್ ಆಯ್ತಾ? ಆಯ್ತು. ಹಾಗಾದರೆ ಪಂಚಾಯ್ತಿ. ಅಲ್ಲಿಗೆ ಜಮೀನಿನ ತಂಟೆಯಾಗಲಿ ಗಂಡಹೆಂಡಿರ ಜಗಳವಾಗಲಿ ಬರುತ್ತಿರಲಿಲ್ಲ. ಬರುತ್ತಿದ್ದವರು ಜಗತ್ತಿನ ಮಹಾಮಹಾ ಬಾಕ್ಸರುಗಳು, ಅದೂ ತಮ್ಮ ತಮ್ಮ ಹರೆಯದಲ್ಲಿ. ಸತ್ತವರು, ಮುದುಕರಾದವರು, ಒಬ್ಬರ ಮುಖ ಒಬ್ಬರು ಕಾಣದವರು, ಎಲ್ಲರೂ ಎಂಜಲು ತಟ್ಟೆಗಳ ನಡುವೆ ಎದುರುಬದುರಾಗಿ ನಿಲ್ಲಲೇಬೇಕಿತ್ತು.

“ಇಪ್ಪತ್ತೆರಡರ ಅಲಿ, ಇಪ್ಪತ್ತೆರಡರ ಟೈಸನ್. ಯಾರು?”

“ಅಲಿ. ಕಾಲು ನಿಲ್ಲದೋನಿಗೆ ಎಲ್ಲಿ ಅಂತ ಹೊಡೀತೀಯ?”

“ರಿಂಗಿಗೂ ಮೂಲೆ ಇರುತ್ತೆ ಮಾರಾಯ. ಮೂಲೆಗೆ ಸಿಕ್ದ ಅಂದ್ರೆ ಮುಗೀತು.”

“ನೀವಿಬ್ರೂ ಮೂಲೆಗೆ ಹೋಗಿ,” ಗಲ್ಲಾದಿಂದ ರಂಗಪ್ಪ ಹೇಳುತ್ತಿದ್ದ. “ಇಲ್ಲಿ ಗಿರಾಕಿ ಕೂತ್ಕೊಳ್ಳಲಿ.”

ಇವೆಲ್ಲ ಪೂರ್ವರಂಗ. ಮುಖ್ಯ ಕಾಳಗ ಶುರುವಾಗುತ್ತಿದ್ದುದು ವಿದ್ಯಾನಗರದಿಂದ ಹಾಲಸ್ವಾಮಿ ಮೇಷ್ಟ್ರು ಸ್ಕೂಟಿಯಲ್ಲಿ ಬಂದು ಇಳಿದ ಮೇಲೆ. ಹಣೆಯ ತುಂಬ ವಿಭೂತಿ, ಎಡಹುಬ್ಬನ್ನು ಎರಡಾಗಿ ಸೀಳಿದ ಹಳೆಯ ಕಲೆ, ನಿವೃತ್ತರಾದರೂ ಕೊರಳು ಬಿಡದ ಪಿ.ಟಿ. ಮೇಷ್ಟ್ರ ಸೀಟಿ. ಕಾಲೇಜಿನ ದಿನಗಳಲ್ಲಿ ಅವರು ಶಿವಮೊಗ್ಗದ ಚಾಂಪಿಯನ್ನು. ಅವರು ಕೈಗವಸು ಬಿಚ್ಚಿಟ್ಟ ಮೇಲೆ ಹೆಸರಾದವನು ಭದ್ರಾವತಿಯ ಪುಟ್ಟಯ್ಯ, ಉಕ್ಕಿನ ಕಾರ್ಖಾನೆಯ ತಂಡದವನು. ಇಬ್ಬರೂ ಒಂದೇ ತೂಕ. ಒಬ್ಬನ ಹರೆಯ ಇಳಿದಾಗ ಇನ್ನೊಬ್ಬನ ಹರೆಯ ಏರಿದ್ದರಿಂದ ಒಂದೇ ರಿಂಗಿನಲ್ಲಿ ಎದುರಾಗಲೇ ಇಲ್ಲ. ಎದುರಾಗಿದ್ದರೆ? ಆ ‘ರೆ’ಯ ಮೇಲೆ ಎರಡು ಊರುಗಳು ತಲೆಮಾರುಗಟ್ಟಲೆ ಕಾಫಿ ಕುಡಿದಿದ್ದವು.

ಮಧುಸೂದನ ಟುಟೋರಿಯಲ್ ಒಂದರಲ್ಲಿ ಕಾಮರ್ಸ್ ಹೇಳಿಕೊಡುತ್ತಿದ್ದ. ಖಾಯಂ ಜಾಬ್ ಸಿಗದಿದ್ದರೂ ಜ್ಯಾಬ್ ಗುದ್ದು ಎಂದರೇನೆಂದು ಹೈಸ್ಕೂಲಿನಲ್ಲೇ ಮೇಷ್ಟ್ರಿಂದ ಕಲಿತಿದ್ದ. ಮುಷ್ಟಿಗಿಂತ ಅವನ ನಾಲಿಗೆ ಚುರುಕು. ಸಿಟಿ ಬಸ್ಸಿನ ಕಂಡಕ್ಟರ್, ಅಡಕೆ ಮಂಡಿಯ ಹರಾಜಿನವನು, ಗಂಟಲು ಸರಿಮಾಡಿಕೊಳ್ಳುವ ರೇಡಿಯೋದ ವಾರ್ತೆಯವರು, ಯಾರ ದನಿಯನ್ನಾದರೂ ತೆಗೆದು ಅಣಕಿಸುತ್ತಿದ್ದ. ಒಬ್ಬರದನ್ನು ಮಾತ್ರ ತೆಗೆಯುತ್ತಿರಲಿಲ್ಲ. “ಮೇಷ್ಟ್ರ ದನಿ ತೆಗೆಯೋ” ಎಂದು ಗೆಳೆಯರು ಪೀಡಿಸಿದರೆ, “ಗುರುಗಳ ಚಪ್ಪಲಿ ಹಾಕ್ಕೊಂಡು ಓಡಾಡ್ತಾರೇನೋ?” ಎಂದು ಗದರುತ್ತಿದ್ದ.

ಮೇಷ್ಟ್ರು ಕಾಫಿಯ ಮೊದಲ ಗುಟುಕು ಕುಡಿದು, “ಹೂಂ, ಶುರು ಮಾಡು ಮಾರಾಯ” ಎನ್ನುತ್ತಿದ್ದರು. ಮಧುಸೂದನ ಲೋಟವನ್ನು ಮೈಕಿನಂತೆ ಹಿಡಿಯುತ್ತಿದ್ದ. “ಕೇಳುಗರೇ, ಹರೆಯದ ಹಾಲಸ್ವಾಮಿ, ಹರೆಯದ ಪುಟ್ಟಯ್ಯ! ಒಬ್ಬರು ತುಂಗೆಯ ನೀರು, ಇನ್ನೊಬ್ಬರು ಭದ್ರೆಯ ನೀರು, ಇವತ್ತು ಇಲ್ಲೇ ಕೂಡಲಿ!” ಎರಡು ರೌಂಡು ಪುಟ್ಟಯ್ಯನದೇ ಮೇಲುಗೈ. ಮೂರನೆಯದರಲ್ಲಿ ಮೇಷ್ಟ್ರು ಹಗ್ಗಕ್ಕೆ ಒರಗಿ, ಬಗ್ಗಿ, ಅಲ್ಲಿಂದಲೇ ಎಡಗೈಯ ಹುಕ್ ಗುದ್ದು ಎತ್ತುತ್ತಿದ್ದರು. ಪುಟ್ಟಯ್ಯ ಒಣಗಲು ಹಾಕಿದ ಪಂಚೆಯಂತೆ ಹಗ್ಗದ ಮೇಲೆ ಜೋತುಬೀಳುತ್ತಿದ್ದ. ಅಷ್ಟು ಹೊತ್ತಿಗೆ ಮೇಷ್ಟ್ರ ಎಡಗೈ ಮೇಜಿನಡಿಯಲ್ಲಿ ತಾನಾಗಿ ಮುಷ್ಟಿ ಕಟ್ಟಿರುತ್ತಿತ್ತು. “ಆ ಹುಕ್ ಇನ್ನೊಂದ್ಸಲ ಹೇಳು” ಎನ್ನುತ್ತಿದ್ದರು. ಅವನು ಹೇಳುತ್ತಿದ್ದ.

ಈ ಹುಕ್ಕಿಗೆ ಅವನು ತೆತ್ತದ್ದು ಒಂದು ಗೆಳೆತನ. ಭದ್ರಾವತಿಯ ಜನ್ನಾಪುರದ ಸಂಜಯ್ ಅವನ ಜೊತೆ ಒಂದೇ ಬೆಂಚಿನಲ್ಲಿ ಬಿ.ಕಾಂ. ಓದಿದವನು, ಪುಟ್ಟಯ್ಯನ ಕೈಯಲ್ಲಿ ಬಾಕ್ಸಿಂಗ್ ಕಲಿತವನು. ಮದುವೆ ಕಾರ್ಡು ಕೊಡಲು ಬಂದವನು ಪಂಚಾಯ್ತಿಯಲ್ಲಿ ಕೂತು ನಗುನಗುತ್ತಲೇ ಅಂದಿದ್ದ, “ಲೋ, ನಮ್ ಪುಟ್ಟಣ್ಣನ ಮುಂದೆ ನಿಮ್ ಮೇಷ್ಟ್ರು ಒಂದು ನಿಮಿಷ ನಿಲ್ತಿರ್ಲಿಲ್ಲ.” ಮೇಷ್ಟ್ರು ಪಕ್ಕದಲ್ಲೇ ಇದ್ದರು. ಮಧುಸೂದನ ಕಾರ್ಡನ್ನು ಸಾಂಬಾರಿನ ಬಟ್ಟಲ ಕೆಳಗಿಟ್ಟ. ಮಾತಿಗೆ ಮಾತು ಬೆಳೆಯಿತು. ಸಂಜಯ್ ಎದ್ದು ಹೋದ.

ಮದುವೆಯ ದಿನ ಇಸ್ತ್ರಿ ಶರಟು ಹಾಕಿಕೊಂಡು ಮಧುಸೂದನ ಹೋದದ್ದು ಮೇಷ್ಟ್ರ ಮನೆಗೆ. “ಹೋಗ್ಲಾ ಸಾರ್? ನನ್ನ ಜೀವದ ಗೆಳೆಯ ಅವ್ನು.” ಮೇಷ್ಟ್ರು ಪೇಪರಿನಿಂದ ಮುಖ ಎತ್ತಲಿಲ್ಲ. “ಹೋಗ್ಬೇಡ ಬಿಡು. ಮರ್ಯಾದೆ ಇಲ್ದಿರೋ ಕಡೆ ಊಟ ಇಳಿಯಲ್ಲ.” ಅವರ ಹೆಂಡತಿ ಕಾಶಮ್ಮ ಒಳಗಿನಿಂದ, “ಅಯ್ಯೋ, ಹುಡುಗ ಹೋಗ್ಲಿ ಬಿಡ್ರೀ” ಎಂದರು. ಮೇಷ್ಟ್ರು ಪೇಪರು ಮಗುಚಿದರು. ಅವನು ಹೋಗಲಿಲ್ಲ.

ಎರಡು ವರ್ಷದ ಮೇಲೆ ಮೇಷ್ಟ್ರ ವಾಟ್ಸ್ಯಾಪಿಗೆ ಒಂದು ಆಹ್ವಾನ ಬಂತು. ಸಂಜಯ್ ಮಕ್ಕಳಿಗೆ ಬಾಕ್ಸಿಂಗ್ ಕಲಿಸಲು ಸಂಘ ಕಟ್ಟಿದ್ದ, ಉದ್ಘಾಟನೆಗೆ ಎರಡೂ ಊರಿನ ಹಳೆಯ ಹುಲಿಗಳಿಗೆ ಸನ್ಮಾನ. ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರ: ‘ಅಣಕು ವೀಕ್ಷಕ ವಿವರಣೆ: ಮಧುಸೂದನ, ಶಿವಮೊಗ್ಗ.’ ಮೇಷ್ಟ್ರು ತೋರಿಸಿದ ಆ ಸಾಲನ್ನು ಮಧುಸೂದನ ಎಷ್ಟು ಸಲ ಓದಿದನೋ. ಸಂಜಯನ ಕೋಪ ಇಳಿದಿದೆ ಎಂದುಕೊಂಡ. ತನ್ನದೂ ಇಳಿದು ಬಹಳ ದಿನವಾಗಿತ್ತು. ಇಳಿದದ್ದನ್ನು ಮೇಷ್ಟ್ರ ಮುಂದೆ ಒಪ್ಪಿಕೊಂಡಿರಲಿಲ್ಲ, ಅಷ್ಟೇ.

ಭಾನುವಾರ ಬೆಳಿಗ್ಗೆ ಖಾಸಗಿ ಬಸ್ಸಿನಲ್ಲಿ ಇಬ್ಬರೂ ಭದ್ರಾವತಿಗೆ ಹೋದರು. ಸಮುದಾಯ ಭವನದ ಬಾಗಿಲಲ್ಲಿ ಸಂಜಯ್ ಮೇಷ್ಟ್ರ ಕಾಲಿಗೆರಗಿದ. ಇವನಿಗೆ, “ಬಂದ್ಯಾ? ಮೈಕ್ ಟೆಸ್ಟ್ ಮಾಡ್ಕೊ” ಎಂದಷ್ಟೇ ಹೇಳಿ ಕುರ್ಚಿ ಜೋಡಿಸಲು ಹೋದ. ಮೇಷ್ಟ್ರನ್ನು ಹಳೆಯ ಪರಿಚಯದವರು ಮುತ್ತಿಕೊಂಡರು. ಮಧುಸೂದನ ವೇದಿಕೆಯ ಪಕ್ಕದ ಕೋಣೆಗೆ ಹೋದ. ಅಲ್ಲಿ ಮೈಸೂರು ಪೇಟವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಸಣ್ಣ ಮನುಷ್ಯ ಬಾಳೆಹಣ್ಣು ಸುಲಿಯುತ್ತ ಕೂತಿದ್ದ. ಇಷ್ಟು ವರ್ಷ ತಾನು ವಾರವಾರವೂ ಹಗ್ಗಕ್ಕೆ ನೇತುಹಾಕಿದ ಪುಟ್ಟಯ್ಯ ಇವನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ನೀನೇ ಏನಪ್ಪಾ ಮಧು? ಬಾ, ಹಣ್ಣು ತಿನ್ನು. ನನ್ನ ಬಟ್ಟೆ ಥರ ಒಣಗ್ಸ್ತೀಯಂತೆ!”

“ತಪ್ಪು ತಿಳ್ಕೋಬೇಡಿ ಸಾರ್. ಅದೆಲ್ಲಾ ತಮಾಷೆ.”

“ಛೇ, ನಂಗ್ಯಾಕೆ ಬೇಜಾರು? ಚೆನ್ನಾಗಿ ಮಾಡು. ಹಾಲಸ್ವಾಮಿಗೆ ಖುಷಿಯಾಗುತ್ತೆ.” ಪುಟ್ಟಯ್ಯ ದನಿ ತಗ್ಗಿಸಿದ. “ಪಾಪ, ಅವತ್ತಿನ ನೋವು ಹೀಗಾದ್ರೂ ಮರೀಲಿ.”

“ಯಾವತ್ತಿನ ನೋವು?”

“ಅದೇ, ಕಾರ್ಖಾನೆ ಶೆಡ್ಡಿಂದು. ನೀನು ಮಗನಿಗಿಂತ ಹೆಚ್ಚು ಅಂತಿದ್ದ ಹಾಲಸ್ವಾಮಿ. ನಿಂಗೆ ಹೇಳಿರ್ತಾನೆ.”

ಮಧುಸೂದನ ಒಂದು ಹಣ್ಣು ತೆಗೆದುಕೊಂಡು ಸುಲಿಯತೊಡಗಿದ. ಪುಟ್ಟಯ್ಯ ಅದನ್ನು ಹೌದೆಂದು ತಿಳಿದು ಮುಂದುವರಿಸಿದ. “ತಾನಾಗೇ ಬಸ್ಸು ಹತ್ಕೊಂಡು ಬಂದ. ಊರೆಲ್ಲಾ ಮಾತಾಡುತ್ತೆ, ಒಂದ್ಸಲ ನೋಡೇಬಿಡೋಣ ಅಂದ. ಬಾಗ್ಲು ಹಾಕ್ಕೊಂಡ್ವಿ, ನಾವಿಬ್ರೇ. ಅವನಿನ್ನೂ ಕಾಲು ಊರಿರ್ಲಿಲ್ಲ, ನನ್ನ ಬಲಗೈ ಹೋಗ್ಬಿಡ್ತು. ಹುಬ್ಬು ಹರೀತು, ಕೂತ್ಬಿಟ್ಟ. ಒಂದು ನಿಮಿಷಾನೂ ಆಗಿರ್ಲಿಲ್ಲಪ್ಪ. ನಾನೇ ಅರಿಶಿನ ಒತ್ತಿ, ಇಡ್ಲಿ ತಿನ್ನಿಸಿ ಬಸ್ಸು ಹತ್ತಿಸ್ದೆ. ಬಸ್ಸಿನ ಕಿಟಕೀಲಿ ಕೈ ಹಿಡ್ಕೊಂಡು, ಪುಟ್ಟಯ್ಯ, ಯಾರಿಗೂ ಹೇಳ್ಬೇಡ ಮಾರಾಯ ಅಂದ. ನನ್ನ ಹೆಂಡ್ತಿಗೂ ಹೇಳಿಲ್ಲ.”

ಆ ಹುಬ್ಬಿನ ಕಲೆ ದಾವಣಗೆರೆಯ ಫೈನಲ್ಲಿನದು, ಗೆದ್ದ ಫೈನಲ್ಲಿನದು ಎಂದು ಮೇಷ್ಟ್ರು ಹೇಳಿದ್ದರು. ಅದನ್ನು ಮಧುಸೂದನ ವಿವರಣೆಯಲ್ಲೂ ಸೇರಿಸಿಕೊಂಡಿದ್ದ: ‘ದಾವಣಗೆರೆಯ ಬೆಣ್ಣೆಯಲ್ಲೂ ಮಾಯದ ಗಾಯ!’ ಈ ಸಾಲಿಗೆ ಮೇಷ್ಟ್ರು ಕಣ್ಣೀರು ಬರುವಂತೆ ನಗುತ್ತಿದ್ದರು. ಅರ್ಧ ತಿಂದ ಹಣ್ಣನ್ನು ಅವನು ಸಿಪ್ಪೆಯ ಮೇಲೆ ಇಟ್ಟುಬಿಟ್ಟ. ಮೇಷ್ಟ್ರು ಸೋತದ್ದಕ್ಕಲ್ಲ. ಯಾರು ಸೋಲುವುದಿಲ್ಲ? ಆದರೆ ಸಂಜಯ್ ಒಂದು ನಿಮಿಷ ಎಂದಾಗ ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದವರಿಗೆ ಅದು ಅಕ್ಷರಶಃ ನಿಜವೆಂದು ಗೊತ್ತಿತ್ತು. ತಾನು ಇಸ್ತ್ರಿ ಶರಟಿನಲ್ಲಿ ಹೊಸಿಲ ಮೇಲೆ ನಿಂತು ಕೇಳಿದಾಗಲೂ ಗೊತ್ತಿತ್ತು.

ಸನ್ಮಾನವಾಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ. ಮೇಷ್ಟ್ರು ಮೈಕಿನಲ್ಲಿ ನಾಲ್ಕು ಮಾತಾಡಿ, ಕೊನೆಗೆ ಕೈ ಬೀಸಿ, “ಇನ್ನು ನಮ್ಮ ಮಧು ಹೇಳ್ತಾನೆ, ಕೇಳಿ. ಶುರು ಮಾಡು ಮಾರಾಯ!” ಎಂದರು. ಮಧುಸೂದನ ಮೈಕು ಹಿಡಿದ. ಬಾಯಿ ಅಭ್ಯಾಸಬಲದಿಂದ ತಾನೇ ಹೊರಟಿತು. ತುಂಗೆ ಬಂತು, ಭದ್ರೆ ಬಂತು, ಜನ ಸಿಳ್ಳೆ ಹಾಕಿದರು. ಮೊದಲ ರೌಂಡು, ಎರಡನೆಯ ರೌಂಡು. ಹಿಂದಿನ ಸಾಲಿನಿಂದ ಯಾರೋ “ಬಿಡ್ಬೇಡ ಪುಟ್ಟಣ್ಣೋ!” ಎಂದು ಕೂಗಿದರು. ಮೂರನೆಯದರಲ್ಲಿ ಮೇಷ್ಟ್ರು ಹಗ್ಗಕ್ಕೆ ಒರಗಿದರು. ವೇದಿಕೆಯ ಕುರ್ಚಿಯಲ್ಲಿ ಕೂತ ನಿಜದ ಮೇಷ್ಟ್ರ ತುಟಿಗಳು ಸಾಲುಗಳನ್ನು ಮುಂಚೆಯೇ ಹೇಳಿಕೊಳ್ಳುತ್ತಿದ್ದವು. ಶಾಲಿನಡಿಯಲ್ಲಿ ಎಡಗೈ ಮುಷ್ಟಿ ಕಟ್ಟಿತ್ತು.

ಮಧುಸೂದನ ಅಲ್ಲೇ ನಿಲ್ಲಿಸಿದ. ಸಭೆ ಕಾದಿತು. ಆಮೇಲೆ ಮೈಕಿನಲ್ಲಿ ಹಾಲಸ್ವಾಮಿ ಮೇಷ್ಟ್ರ ದನಿಯೇ ಬಂತು. ಆ ಮೂಗಿನ ಎಳೆತ, ಮಾತಿನ ನಡುವೆ ಉಸಿರು ನುಂಗುವ ರೀತಿ, ಎಲ್ಲವೂ ಇತ್ತು.

“ಪುಟ್ಟಯ್ಯ, ಯಾರಿಗೂ ಹೇಳ್ಬೇಡ ಮಾರಾಯ.”

ಈಗಷ್ಟೇ ಮೇಷ್ಟ್ರ ಭಾಷಣ ಕೇಳಿದ್ದ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಂಥ ಹೋಲಿಕೆ! ಪುಟ್ಟಯ್ಯನ ಕೈ ಪೇಟದ ಮೇಲೆ ಹೋಗಿ ಅಲ್ಲೇ ನಿಂತಿತು. ಮೇಷ್ಟ್ರ ಮುಷ್ಟಿ ಬಿಚ್ಚಿಕೊಂಡಿತು.

“ಗೆದ್ದೋರು ಯಾರು?” ಸಭೆ ಕೂಗಿತು.

“ಇಬ್ರೂ ಇಲ್ಲೇ ಇದ್ದಾರಲ್ಲ, ಅವರನ್ನೇ ಕೇಳಿ,” ಎಂದು ಮಧುಸೂದನ ಮೈಕು ಇಟ್ಟ. ಚಪ್ಪಾಳೆ ಬಹಳ ಹೊತ್ತು ಬಿತ್ತು.

ಬಸ್ ನಿಲ್ದಾಣದವರೆಗೂ ಮೇಷ್ಟ್ರು ಬಿರಬಿರನೆ ಮುಂದೆ ನಡೆದರು. ಹಣ್ಣಿನ ಬುಟ್ಟಿ ಹೊತ್ತು ಅವನು ಹಿಂದೆ ನಡೆದ. ಬಸ್ಸಿನ ಬಾಗಿಲ ಬಳಿ ಅವರು ತಿರುಗಿದರು.

“ನನ್ನ ದನಿ ತೆಗೆಯಲ್ಲ ಅಂತಿದ್ದೆ.”

“ನೀವು ದಾವಣಗೆರೆ ಅಂತಿದ್ರಿ.”

ಮೇಷ್ಟ್ರು ಹುಬ್ಬು ಮುಟ್ಟಿಕೊಂಡರು. “ನೀನು ಹೇಳ್ತಿದ್ದಾಗ ಗೆದ್ದ ಹಾಗೇ ಇರ್ತಿತ್ತು ಕಣೋ.”

“ಸಂಜಯನ ಮದ್ವೆ ದಿನ ಬಾಯ್ಬಿಟ್ಟು ಕೇಳಿದ್ನಲ್ಲ ಸಾರ್. ಹೋಗು ಅಂದಿದ್ರೆ ಸಾಕಿತ್ತು.”

ಬಸ್ಸಿನ ಮೈಮೇಲೆ ಕಂಡಕ್ಟರ್ ಬಡಿದ. ಮೇಷ್ಟ್ರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಧಾನವಾಗಿ ಹೇಳಿದರು. “ಹೋಗಿದ್ರೆ ನೀವಿಬ್ರೂ ಒಂದಾಗ್ತಿದ್ರಿ. ಆಮೇಲೆ ಭಾನುವಾರ ನೀನು ಆ ಹುಕ್ ಹೇಳ್ತಿದ್ಯಾ?”

ಇಷ್ಟು ಸಣ್ಣ ಕಾರಣ ಇರಬಹುದೆಂದು ಮಧುಸೂದನ ಎಣಿಸಿರಲಿಲ್ಲ. ಬುಟ್ಟಿಯನ್ನು ಅವರ ಕೈಗೆ ಕೊಟ್ಟ. “ನೀವು ಹೊರಡಿ ಸಾರ್. ಕಾಶಮ್ಮೋರು ಕಾಯ್ತಿರ್ತಾರೆ.” ಬಸ್ಸು ಹೊರಟಿತು. ಮೇಷ್ಟ್ರು ಕಿಟಕಿಯಿಂದ ಕೈ ಚಾಚಿದರು. ಹಿಡಿದುಕೊಳ್ಳಲು ಅವನು ಹತ್ತಿರ ಹೋಗಲಿಲ್ಲ.

ಸಮುದಾಯ ಭವನದಲ್ಲಿ ಸಂಜಯ್ ಒಬ್ಬನೇ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

“ಹೋಗ್ಲಿಲ್ವಾ?”

“ಊಟ ಮಾಡ್ಕೊಂಡು ಹೋಗೋಣ ಅಂತ.”

“ಮದ್ವೆ ಊಟ ಆಗ್ಲೇ ಮುಗೀತು ಕಣೋ. ಎಲೆ ಹಾಕಿ ಕಾದಿದ್ವಿ.” ಸಂಜಯ್ ನಗಲಿಲ್ಲ. ಮಧುಸೂದನ ಉಳಿದ ಕುರ್ಚಿಗಳನ್ನು ಪೇರಿಸತೊಡಗಿದ. ಸ್ವಲ್ಪ ಹೊತ್ತಾದ ಮೇಲೆ ಸಂಜಯ್ ಹಳೆಯ ಚಾಳಿಯಂತೆ ಕೆಣಕಿದ. “ಹುಕ್ ಯಾಕೋ ನುಂಗಿಬಿಟ್ಟೆ? ನಮ್ಮೂರಲ್ಲಿ ಏಟು ತಿನ್ತೀನಿ ಅಂತ ಹೆದ್ರಿದ್ಯಾ? ಈಗ ಹೇಳು, ಹರೆಯದ ಹಾಲಸ್ವಾಮಿ, ಹರೆಯದ ಪುಟ್ಟಯ್ಯ. ಯಾರು?”

“ಪುಟ್ಟಯ್ಯ.”

ಸಂಜಯನ ಕೈಯ ಕುರ್ಚಿ ಅರ್ಧದಲ್ಲೇ ನಿಂತಿತು. “ಎಷ್ಟನೇ ರೌಂಡು?”

“ಮೊದಲನೇದು. ಒಂದು ನಿಮಿಷದೊಳಗೆ.”

ಸಂಜಯ್ ಅವನ ಮುಖವನ್ನೇ ದಿಟ್ಟಿಸಿದ. ಆಮೇಲೆ ಕುರ್ಚಿ ಇಳಿಸಿ, ತಲೆಯಾಡಿಸಿದ.

“ಹೋಗೋ, ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡ. ಅವತ್ತು ಏನೋ ಬಾಯಿಗೆ ಬಂದಿದ್ದು ಅಂದೆ. ಮೂರು ರೌಂಡಾದ್ರೂ ನಿಲ್ತಿದ್ರು ಬಿಡು ನಿಮ್ಮ ಮೇಷ್ಟ್ರು.”