ಕಣಿವೆಯ ಅಂಚಿನಲ್ಲಿ ಚರಗ

1.
ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ಕೆಂಪು ಕಣಿವೆಯಿಂದ ಶುರು ಮಾಡಿದರೆ ನೀವು ಯಾರದೋ ಹಾಲಿಡೇ ಫೋಟೋ ನೋಡಿದ ಹಾಗೆ ನೋಡಿ ಮುಂದೆ ಹೋಗುತ್ತೀರಿ. ಕೆಂಟನ್‌ನ ಅಡುಗೆಮನೆಯಿಂದ ಶುರು ಮಾಡಿದರೆ, ಲಂಡನ್ ಕನ್ನಡಿಗರಿಗೆ ರೊಟ್ಟಿ ಬಿಟ್ಟು ಬೇರೆ ವಿಷಯವೇ ಇಲ್ಲವೇ ಅನ್ನುತ್ತೀರಿ. (ಇದೆ. ಪಾರ್ಕಿಂಗ್.) ಸೀದಾ ನಾಚಿಕೆಯಿಂದಲೇ ಶುರು ಮಾಡೋಣವೆಂದರೆ, ಅದು ಯಾರ ನಾಚಿಕೆಯೋ ಅವನೇ ಬೇಡ ಅನ್ನುತ್ತಿದ್ದಾನೆ.

ಅವನು ಶಶಿಧರ. ಮೂಲ ವಿಜಯಪುರ, ಮನೆ ಕೆಂಟನ್, ಕೆಲಸ ಕೌನ್ಸಿಲ್‌ನಲ್ಲಿ. ಪೂರ್ತಿ ನಾನೇ ಹುಟ್ಟಿಸಿದ ಪಾತ್ರ. ನಾನಿರುವುದು ಕ್ರೋಯ್ಡನ್‌ನಲ್ಲಿ, ಸಲಿಗೆ ಬೆಳೆಯದಿರಲಿ ಅಂತ ಬೇಕೆಂದೇ ಅವನನ್ನು ಲಂಡನ್ನಿನ ಆ ತುದಿಯಲ್ಲಿ ಇಟ್ಟಿದ್ದೆ. ಆದರೂ ಫೋನ್ ಮಾಡುತ್ತಾನೆ.

2.
ಮೊದಲ ಡ್ರಾಫ್ಟ್: "ಕ್ರಿಸ್‌ಮಸ್ ರಜೆಯಲ್ಲಿ ಶಶಿಧರ, ಹೆಂಡತಿ ಸೌಂದರ್ಯಾ, ಮಗಳು ಸಾನ್ವಿ, ಊರಿಂದ ಬಂದಿದ್ದ ತಾಯಿ ರತ್ನಾಬಾಯಿ, ನಾಲ್ವರೂ ಬಾಡಿಗೆ ಕಾರು ಹಿಡಿದು ಅಮೆರಿಕದ ಮರುಭೂಮಿಯ ನ್ಯಾಷನಲ್ ಪಾರ್ಕುಗಳನ್ನು ಸುತ್ತಲು ಹೊರಟರು. ಆಕಾಶ ಅಪಾರವಾಗಿತ್ತು. ಬಂಡೆಗಳು ಮೌನವಾಗಿದ್ದವು."

ಹೊಡೆದುಹಾಕಿದೆ. ಬಂಡೆಗಳು ಮೌನವಾಗಿರದೆ ಇನ್ನೇನು ಮಾಡುತ್ತವೆ? ನಾನು ಆ ಕಡೆ ಹೋದವನೂ ಅಲ್ಲ. ನಾನು ಕಂಡ ಕಣಿವೆಯೆಂದರೆ ಕ್ರೋಯ್ಡನ್‌ನ ಎರಡು ಆಫೀಸ್ ಕಟ್ಟಡಗಳ ನಡುವೆ ಟ್ರಾಮ್ ಹೋಗುವ ಜಾಗ.

2 (ಮತ್ತೆ).
ಆದದ್ದು ಇಷ್ಟು. ಆ ವರ್ಷ ಎಳ್ಳಮಾವಾಸ್ಯೆ ರಜೆಯಲ್ಲೇ ಬಂತು. ವಿಜಯಪುರದ ಕಡೆ ಅವತ್ತು ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಭೂಮಿತಾಯಿಗೆ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಅದಕ್ಕೆ ಚರಗ ಅನ್ನುತ್ತಾರೆ. ಕೆಂಟನ್ ಮನೆಯ ಹಿಂದೆ ರತ್ನಾಬಾಯಿಗೆ ಕಂಡ ಭೂಮಿ ಪೇವಿಂಗ್ ಕಲ್ಲುಗಳ ನಡುವಿನ ಸಂದು ಮಾತ್ರ. ಈಗ ಕಣಿವೆಯ ಅಂಚಿನಲ್ಲಿ ನಿಂತು ಅವರು ಮೊಮ್ಮಗಳಿಗೆ ಅಂದರು, "ಎಷ್ಟ್ ದೊಡ್ಡ ಭೂಮಿ ಐತೆವಾ ಇದು! ಪಾಪ, ಇದಕ್ಕ ಯಾರೂ ಉಣ್ಣಾಕ ಹಾಕಿಲ್ಲ ನೋಡು."

ಚೀಲದಿಂದ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ ತೆಗೆದರು. ಮುರಿದು ಮುರಿದು ಕಣಿವೆಗೆ ಎಸೆಯುತ್ತ ಗಟ್ಟಿಯಾಗಿ ಕೂಗಿದರು, "ಹುಲ್ಲುಲ್ಲಿಗೋ..." (ಚರಗದ ಈ ಕೂಗಿನ ಮುಂದಿನ ಮಾತು ಊರಿಗೊಂದು ಥರ. ತಪ್ಪು ಬರೆದರೆ ಓದುಗರು ಬೈಯುತ್ತಾರೆ, ಬಿಟ್ಟಿದ್ದೇನೆ.) ದೊಡ್ಡ ದೊಡ್ಡ ಕಾಗೆಗಳು ಬಂದವು. ಜನ ಫೋನ್ ಎತ್ತಿದರು. ಪ್ರಾಣಿಪಕ್ಷಿಗಳಿಗೆ ತಿನ್ನಲು ಹಾಕಬಾರದು ಎಂಬ ಬೋರ್ಡ್ ಪಕ್ಕದಲ್ಲೇ ಇತ್ತು, ಇಂಗ್ಲಿಷ್‌ನಲ್ಲಿ. ಅಗಲ ಟೋಪಿಯ ರೇಂಜರ್ ಬಂದು, ಹತ್ತಿರವಿದ್ದ ಶಶಿಧರನನ್ನು ಮರ್ಯಾದೆಯಿಂದಲೇ ಕೇಳಿದ, ಆ ಹೆಂಗಸು ನಿಮ್ಮ ಜೊತೆಯವರಾ ಅಂತ.

4.
(ಮೂರು ಇಲ್ಲ. ಅದರಲ್ಲಿ ಶಶಿಧರ "ಹೌದು, ನನ್ನ ತಾಯಿ" ಅನ್ನುತ್ತಿದ್ದ. ಓದಲು ಚೆನ್ನಾಗಿತ್ತು. ಸುಳ್ಳಾಗಿತ್ತು.)

"ನೋ," ಅಂದ ಶಶಿಧರ. "ಶೀ ಈಸ್ ನಾಟ್ ವಿತ್ ಅಸ್."

ಇಷ್ಟು ಬರೆಯುವಷ್ಟರಲ್ಲಿ ಅವನ ಫೋನ್ ಬಂತು.

"ಯಾಕ್ರೀ ಹಿಂಗ್ ಬರಿಯಾಕತ್ತೀರಿ? ಯೂನಿಫಾರ್ಮ್ ನೋಡಿದ ಕೂಡ್ಲೆ ಬಾಯಾಗ ಬಂದ್ಬಿಡ್ತು. ಅಷ್ಟೂ ಮಂದಿ ನೋಡಾಕತ್ತಿದ್ರು."

"ನಾಚಿಕೆ ಆಯ್ತಾ?"

"ಆತ್ರಿ. ಅವತ್ತ ಅವ್ವನ್ನ ನೋಡಿ ಆತು. ಈಗ... ಆದ್ರ ಅಕಿಗೆ ಇಂಗ್ಲಿಷ್ ತಿಳಿಯಂಗಿಲ್ಲ. ನಾ ಏನಂದೆ ಅಂತ ಗೊತ್ತಾಗಿಲ್ಲ. ಅದನ್ನಾದ್ರೂ ಬರೀರಿ."

"ಹಾಗಾದರೆ ಅವರು ಆಮೇಲೆ ಯಾಕೆ ಹಾಗೆ ಮಾಡಿದರು?"

ಫೋನ್ ಇಟ್ಟುಬಿಟ್ಟ.

5.
ಹಾಗೆ ಅಂದರೆ ಹೇಗೆ? ರತ್ನಾಬಾಯಿ ಮಗನ ಮುಖವನ್ನು ಒಮ್ಮೆ ನೋಡಿದರು. ರೊಟ್ಟಿಯ ಗಂಟು ಕಟ್ಟಿದರು. ನಡೆದು ಹೋಗಿ, ಬಸ್ಸಿನಲ್ಲಿ ಬಂದಿದ್ದ ಗುರುತುಪರಿಚಯವಿಲ್ಲದ ಪ್ರವಾಸಿಗಳ ಬೆಂಚಿನ ತುದಿಯಲ್ಲಿ, ಅವರೊಳಗೊಬ್ಬರಂತೆ ಕೂತರು. ರೇಂಜರ್ ಬಂದು ಮೆತ್ತಗೆ ಏನೋ ಹೇಳಿದಾಗ ತಲೆ ಆಡಿಸಿದರು. ಅವನು ಕಣ್ಮರೆಯಾಗುವವರೆಗೂ ಇತ್ತ ತಿರುಗಲಿಲ್ಲ. ಮಗ ಹೇಳಿದ ಸುಳ್ಳು ಸಿಕ್ಕಿಬೀಳದ ಹಾಗೆ ತಾಯಿ ನೋಡಿಕೊಂಡರು.

ಕಾರಿನಲ್ಲಿ ಸಾನ್ವಿ ಕೇಳಿದಳು, "ಡ್ಯಾಡ್, ವೈ ಡಿಡ್ ಯು ಸೇ ದ್ಯಾಟ್?" ಸೌಂದರ್ಯಾ ಕಿಟಕಿಯ ಕಡೆ ತಿರುಗಿದಳು. ರತ್ನಾಬಾಯಿ ಎಲ್ಲರಿಗೂ ಹೋಳಿಗೆ ಹಂಚಿ, "ಚರಗ ಆತು, ಉಣ್ರಿ" ಅಂದರು. ಶಶಿಧರನೂ ತಿಂದ.

6.
ಮುಕ್ತಾಯಗಳು, ನಿಮಗೆ ಬೇಕಾದ್ದು ಆರಿಸಿಕೊಳ್ಳಿ.

ಅ) ಕಾರ್ ಪಾರ್ಕಿನಲ್ಲಿ ಶಶಿಧರ ತಾಯಿಯ ಕಾಲಿಗೆ ಬೀಳುತ್ತಾನೆ. (ತೀರಾ ಸಿನಿಮಾ ಆಯಿತು.)

ಆ) ಕೆಂಟನ್‌ಗೆ ಬಂದಮೇಲೆ "ತಪ್ಪಾತು" ಅನ್ನುತ್ತಾನೆ, ಅವರು "ಯಾವಾಗ?" ಅನ್ನುತ್ತಾರೆ. (ಇದು ಅವನ ಆಸೆ.)

ಇ) ಇಡೀ ಕಥೆ ಕಾಗೆಯ ದೃಷ್ಟಿಯಿಂದ. ವಿಮರ್ಶಕರು ಆಧುನಿಕೋತ್ತರ ಅನ್ನಬಹುದು. ಒಬ್ಬ ತಾಯಿ ಪರಕೀಯರ ಬೆಂಚಿನಲ್ಲಿ ಕೂತಿರುವಾಗ ನನಗೆ ಈ ಚಮತ್ಕಾರ ಹೊಳೆಯಿತಲ್ಲ ಅಂತ ನನ್ನ ಮೇಲೇ ಅಸಹ್ಯವಾಯಿತು.

7.
ಕೊನೆಗೆ ರೈಲು ಹತ್ತಿ ಕೆಂಟನ್‌ಗೇ ಹೋದೆ. ಬೆಲ್ ಒತ್ತಿದೆ. ಒಳಗೆ ಯಾರೋ ಅವಸರದಲ್ಲಿ ಮೆಟ್ಟಿಲು ಹತ್ತುವ ಸದ್ದು. ಸಾನ್ವಿ ಬಾಗಿಲು ತೆಗೆದಳು.

"ಅಜ್ಜಿ ಗೋಸ್ ಅಪ್‌ಸ್ಟೇರ್ಸ್," ಅಂದಳು ಮೆಲ್ಲಗೆ. "ಎವ್ರಿ ಟೈಮ್ ಸಮ್‌ವನ್ ಕಮ್ಸ್. ಸೋ ಡ್ಯಾಡ್ ವೋಂಟ್ ಹ್ಯಾವ್ ಟು ಸೇ ಹೂ ಶೀ ಈಸ್."

ಅವಳ ಹಿಂದೆ ಶಶಿಧರ ನಿಂತಿದ್ದ. ನೆಲ ನೋಡುತ್ತಿದ್ದ. "ಕರೀರಿ ಅವರನ್ನ," ಅಂದೆ. ಮೆಟ್ಟಿಲ ಕಟಕಟೆ ಹಿಡಿದ, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ, ಮತ್ತೆ ಕೆಳಗಿಳಿಸಿದ. ನಾನೇ ಮೇಲೆ ಹೋದೆ.

ರತ್ನಾಬಾಯಿ ಮಂಚದ ತುದಿಯಲ್ಲಿ ಕೂತಿದ್ದರು.

"ಬರಿಯೋರು ನೀವೇನ್ರಿ?"

"ಹೌದು."

"ಹಂಗಾರ ಒಂದ್ ಮಾತು ತಿದ್ರಿ. ನಾ ದೂರ ನಿಂತಿದ್ದೆ, ಅಂವಗ ಕಾಣ್ಲಿಲ್ಲ ಅಂತ ಬರೀರಿ. ನನಗೇನ್ ಆಗೂದಿಲ್ಲ. ಅಂವ ಓದ್ತಾನ್ರೀ."

ತಿದ್ದುತ್ತೇನೆ ಅಂದೆ. ಅವರ ಮುಖ ನೋಡಿಕೊಂಡೇ ಅಂದೆ. ತಿದ್ದಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ, ನೀವು ಓದಿಯಾಯಿತು.

ಶಶಿಧರ ಇನ್ನೂ ಮೆಟ್ಟಿಲ ಕೆಳಗೇ ನಿಂತಿದ್ದಾನೆ. "ಅವ್ವಾ, ಕೆಳಗ ಬಾ" ಅನ್ನುವ ಮಾತನ್ನು ನಾನು ಅವನ ಬಾಯಿಗೆ ಹಾಕಬಲ್ಲೆ, ಒಂದು ಸಾಲಿನ ಕೆಲಸ. ಹಾಕುವುದಿಲ್ಲ. ಅವನೇ ಕರೆಯಬೇಕು