ಎತ್ತಿ ಕುಡಿದ ವೈನು

ವೀಡಿಯೊ ಇದ್ದದ್ದು ಹನ್ನೊಂದೇ ಸೆಕೆಂಡು. ಅಷ್ಟರಲ್ಲಿ ಬೈರಕೂರಿಗೆ ಬೈರಕೂರೇ ಸುನಂದಳನ್ನು ಕುಡುಕಿ ಮಾಡಿಬಿಟ್ಟಿತ್ತು.

ಅದರಲ್ಲಿ ಕಾಣುವುದಿಷ್ಟು. ಫ್ರಾನ್ಸ್ ದೇಶದ ಯಾವುದೋ ನೆಲಮಾಳಿಗೆ, ಸಾಲಾಗಿ ಮಲಗಿಸಿದ ಮರದ ಪೀಪಾಯಿಗಳು, ಅವುಗಳ ಮುಂದೆ ಹಸಿರು ಸೀರೆಯ ಮೇಲೆ ಗಂಡಸರ ಸ್ವೆಟರ್ ತೊಟ್ಟ ಹೆಂಗಸು. ಅವಳು ತಲೆಯನ್ನು ಹಿಂದಕ್ಕೆ ಚೆಲ್ಲಿ, ಗ್ಲಾಸನ್ನು ಗೇಣು ಮೇಲೆತ್ತಿ, ಕೆಂಪು ವೈನನ್ನು ಧಾರೆಯಾಗಿ ಬಾಯಿಗೆ ಸುರಿದುಕೊಳ್ಳುತ್ತಾಳೆ. ಹಿಂದಿನಿಂದ ಯಾರೋ ಕೇಕೆ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು.

"ಏನಮ್ಮ ಸುನಂದಾ, ಫ್ರಾನ್ಸ್ ನೀರು ಚೆನ್ನಾಗಿತ್ತಾ?" ಡೈರಿಗೆ ಹಾಲು ಹಾಕಲು ಹೋದರೆ ಕ್ಯಾನು ಹಿಡಿದವರೆಲ್ಲ ಕೇಳಿದರು. ಮನೆಯಲ್ಲಿ ಅತ್ತೆ ರಾಮಲಕ್ಷ್ಮಮ್ಮ ಏನೂ ಕೇಳಲಿಲ್ಲ, ಕೇಳಿದ್ದರೇ ವಾಸಿಯಿತ್ತು. ವೀಡಿಯೊ ನೋಡದೆ, ಊರ ಮಾತಷ್ಟೇ ಕೇಳಿ, ನಾಲ್ಕು ದಿನದಿಂದ ಸೊಸೆಯ ಕೈಯಡುಗೆ ಮುಟ್ಟದೆ, ಹಿತ್ತಲ ಒಲೆಯಲ್ಲಿ ತಾನೇ ಸಾರು ಕಾಯಿಸಿಕೊಂಡು ಉಣ್ಣುತ್ತಿದ್ದಳು. ನರಸಾಪುರದ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದ ಗಂಡ ಕಾಂತರಾಜ್ ಫೋನು ಮಾಡಿ, "ಒಂದ್ಸಲ ಸಾರಿ ಅಂದ್ಬಿಡೇ, ಮುಗ್ದೋಗ್ತೈತೆ," ಎಂದ.

"ಏನ್ ಮಾಡಿದೀನಿ ಅಂತ ಸಾರಿ?"

"ಮಾಡಿದ್ರೂ ಅಷ್ಟೇ, ಮಾಡ್ದಿದ್ರೂ ಅಷ್ಟೇ. ಜನಕ್ಕೆ ಹೇಳಾಕಾಗ್ತೈತಾ?"

ಸುನಂದ ಫೋನು ಕುಕ್ಕಿದಳು. ಸಿಟ್ಟಿನಲ್ಲೇ ಹಸುವಿಗೆ ಬೂಸಾ ಕಲಸಲು ಹೋದಳು.

ನಡೆದದ್ದು ಬೇರೆಯೇ. ವೈನ್ ಕಂಪನಿಗೆ ದ್ರಾಕ್ಷಿ ಬೆಳೆದುಕೊಡುವ ಇಪ್ಪತ್ತೊಂದು ಮನೆಗಳಿಂದ ಆರು ಜನರನ್ನು ಆರಿಸಿ, ಹೋದ ಅಕ್ಟೋಬರಿನಲ್ಲಿ ಕಂಪನಿಯವರೇ ಫ್ರಾನ್ಸಿಗೆ ಕರೆದೊಯ್ದಿದ್ದರು. ತೋಟ ನೋಡಿ, ವೈನು ರುಚಿ ನೋಡಿ, ಎಂಥ ಹಣ್ಣು ಎಂಥ ವೈನಾಗುತ್ತದೆ ಎಂದು ಕಲಿಯಲಿ ಅಂತ. ಆರರಲ್ಲಿ ಹೆಂಗಸು ಸುನಂದ ಒಬ್ಬಳೇ. ಗಂಡನ ದೊಡ್ಡಪ್ಪನ ಮಗ ಅಮರನಾಥನೂ ಹೋಗಿದ್ದ.

ಬೋರ್ಡೋ ಸೀಮೆಯ ಮೊದಲನೇ ತೋಟದಲ್ಲೇ ಎಡವಟ್ಟಾಯಿತು. ಒಡತಿ ಬಿಳಿಗೂದಲಿನ ಮುದುಕಿ. ನೆಲಮಾಳಿಗೆಗೆ ಕರೆದೊಯ್ದು, ಒಂದೇ ಒಂದು ಗ್ಲಾಸಿಗೆ ವೈನು ಬಗ್ಗಿಸಿ ಮೊದಲು ಸುನಂದಳ ಕೈಗೆ ಕೊಟ್ಟಳು. ಹಿಂದೆ ಐದು ಜನ ಗಂಡಸರು ಕಾಯುತ್ತ ನಿಂತಿದ್ದಾರೆ. ಆರು ಜನಕ್ಕೂ ಇದೊಂದೇ ಗ್ಲಾಸು ಎಂದುಕೊಂಡಳು ಸುನಂದ. ಎಂಜಲು ಮಾಡಿ ಮುಂದಿನವರಿಗೆ ಕೊಡುವುದುಂಟೇ? ಮನೆಯಲ್ಲಿ ಚೊಂಬಿನ ನೀರು ಕುಡಿಯುವ ಹಾಗೆಯೇ ಎತ್ತಿ ಬಾಯಿಗೆ ಹುಯ್ದುಕೊಂಡಳು. ಬಾಯೊಳಗೆ ಆಡಿಸಿ, ಹೇಳಿಕೊಟ್ಟಂತೆ ಬಕೆಟಿಗೆ ಉಗುಳಿದಳು. ಆಮೇಲೆ ನೋಡಿದರೆ ಟ್ರೇ ತುಂಬ ಗ್ಲಾಸು ಬಂತು! ಮುದುಕಿಗೆ ಈ ಎತ್ತಿ ಕುಡಿಯುವುದು ಎಷ್ಟು ಹಿಡಿಸಿತೆಂದರೆ, ತಾನೂ ಹಾಗೇ ಮಾಡಲು ಹೋಗಿ ಕಾಲರಿನ ಮೇಲೆಲ್ಲ ಚೆಲ್ಲಿಕೊಂಡು ನಕ್ಕಳು.

ಮೂರನೇ ತೋಟದಲ್ಲಿ ತುಂಬ ಹಳೆಯ, ಬಲು ದುಬಾರಿ ಬಾಟಲಿಯೊಂದನ್ನು ತೆಗೆದರು. ಗಂಡಸರೆಲ್ಲ ಮೂಸುವ ಮೊದಲೇ "ಸೂಪರ್, ಸೂಪರ್" ಎಂದು ನುಂಗಿದರು. ಸುನಂದ ಮೂಸಿ ಗ್ಲಾಸನ್ನು ಕೆಳಗಿಟ್ಟಳು. "ನೆಂದು ಮುಗ್ಗಿದ ಗೋಣಿಚೀಲದ ವಾಸನೆ," ಎಂದಳು. ಕಂಪನಿಯ ಅಧಿಕಾರಿ ವೇಣುಗೋಪಾಲ್ ಹೆದರಿ ಹೆದರಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ತೋಟದವನು ಮೂಸಿದ, ಮುಖ ಕೆಂಪಗೆ ಮಾಡಿಕೊಂಡ, ಬಾಟಲಿಯನ್ನೇ ಮೋರಿಗೆ ಬಗ್ಗಿಸಿದ. ಬಿರಡೆ ಕೆಟ್ಟಿತ್ತಂತೆ. ಹೊಸ ಬಾಟಲಿ ಬಂತು. ಅದನ್ನು ನಾಲಿಗೆಗೆ ಹಾಕಿಕೊಂಡಾಗ ಸುನಂದಳ ಕಣ್ಣು ತಾನಾಗಿ ಮುಚ್ಚಿತು: ಮಾಗಿದ ನೇರಳೆ, ಹುರಿದ ಧನಿಯ, ಕೊನೆಗೆ ಹೊಸ ಮಡಕೆಯ ತಂಪು. ಹಣ್ಣು ಸರಿಯಾದ ದಿನಕ್ಕೆ ಕಿತ್ತರೆ ಇಷ್ಟು ದೂರ ಹೋಗಬಹುದೇ ಎಂದು ಅವತ್ತು ಬೆರಗಾದಳು.

ಅದಕ್ಕೇ ವೇಣುಗೋಪಾಲ್ ಈ ಸುಗ್ಗಿಗೆ ಅವಳ ಹೆಸರು ಹೇಳಿದ್ದು. ಹೋದ ವರ್ಷ ಅವಸರಕ್ಕೆ ಕಿತ್ತ ಮೂರು ಲೋಡು ಕಂಪನಿ ಗೇಟಿನಿಂದ ವಾಪಸಾಗಿತ್ತು. ಇನ್ನು ಮುಂದೆ ಒಬ್ಬರೇ ಎಲ್ಲರ ತೋಟಕ್ಕೂ ಹೋಗಿ, ಹಣ್ಣು ಕಚ್ಚಿ ನೋಡಿ, ಕೀಳುವ ದಿನ ಹೇಳಬೇಕು. ಸುನಂದಳಿಗೆ ಆ ಕೆಲಸ ಬೇಕಿತ್ತು. ಬೇರೇನೂ ಇಷ್ಟು ಬೇಕೆನಿಸಿರಲಿಲ್ಲ. ಬೆಳೆಗಾರರು ಒಪ್ಪಿ ಸಹಿ ಹಾಕಬೇಕಿತ್ತಷ್ಟೆ. ತಾನೇ ತೆಗೆದು ನಾಲ್ಕು ತಿಂಗಳು ಬಚ್ಚಿಟ್ಟಿದ್ದ ವೀಡಿಯೊವನ್ನು ಅಮರನಾಥ ಊರವರ ಫೋನುಗಳಿಗೆ ಬಿಟ್ಟಿದ್ದು, ಅವಳ ಹೆಸರು ಬಂದ ದಿನ ಸಾಯಂಕಾಲ.

ಭಾನುವಾರ ಬೆಳಿಗ್ಗೆ ಡೈರಿ ಕಟ್ಟಡದಲ್ಲಿ ಸಭೆ. ವೇಣುಗೋಪಾಲ್ ಒಪ್ಪಿಗೆ ಪತ್ರವನ್ನೂ, ಎಲ್ಲರ ತೋಟದಿಂದ ತಂದ ಗೊಂಚಲುಗಳ ಕವರುಗಳನ್ನೂ ಮೇಜಿನ ಮೇಲೆ ಇಟ್ಟಿದ್ದರು. ಬೆಳೆಗಾರರ ಸಂಘದ ಅಧ್ಯಕ್ಷ ಕೋದಂಡರಾಮಪ್ಪ ಗಂಟಲು ಸರಿಮಾಡಿಕೊಂಡ.

"ನಂಗೇನೂ ಇಲ್ಲಮ್ಮ. ಆದ್ರೆ ನಿಮ್ ಜಮೀನು ನಿಮ್ಮತ್ತೆ ಹೆಸರಲ್ಲೈತೆ. ನಿಮ್ಮನೆಯೋರೇ ಹೆಬ್ಬೆಟ್ಟು ಒತ್ತಿಲ್ಲ ಅಂದ್ಮೇಲೆ ನಾವೆಂಗೆ ಸೈನ್ ಹಾಕೋದು?"

ಅಮರನಾಥ ಗೋಡೆಗೊರಗಿ ನಿಂತಿದ್ದ. "ನಾನೇನು ಸುಳ್ಳು ಹಾಕಿದೀನಾ? ಇರೋದನ್ನೇ ಹಾಕಿರೋದು."

ಸುನಂದ ಎದ್ದಳು. "ಇರೋದನ್ನೇ ಹಾಕಿದ್ರಾ ಭಾವ? ಹಂಗಾದ್ರೆ ಹನ್ನೆರಡನೇ ಸೆಕೆಂಡು ಎಲ್ಲೋಯ್ತು? ನಾನು ಬಕೆಟಿಗೆ ಉಗುಳಿದ್ದು ಎಲ್ಲೋಯ್ತು? ನೀವು ಏಳು ಗ್ಲಾಸು ನುಂಗಿ, ಪೀಪಾಯಿ ತಬ್ಕೊಂಡು ಅತ್ತಿದ್ದು ಎಲ್ಲೋಯ್ತು?"

ಒಂದಿಬ್ಬರು ಕಿಸಕ್ಕೆಂದರು. "ಗಂಡಸ್ರು ಕುಡೀತಾರೆ, ಅದೇನು ಹೊಸ್ದಾ?" ಎಂದ ಅಮರನಾಥ.

ಅಷ್ಟರಲ್ಲಿ ಬಾಗಿಲಲ್ಲಿ ರಾಮಲಕ್ಷ್ಮಮ್ಮ ಬಂದು ನಿಂತಳು. ಹೆಬ್ಬೆಟ್ಟಿಗೆಂದು ಅಧ್ಯಕ್ಷನೇ ಹೇಳಿಕಳಿಸಿದ್ದ. ಅವಳು ನೇರ ಸೊಸೆಯನ್ನೇ ಕೇಳಿದಳು.

"ಗ್ಲಾಸು ಕಚ್ಚಿ ಕುಡಿದ್ಯೇನೇ?"

"ಇಲ್ಲ ಅತ್ತೆ. ಎಲ್ಲಾರ್ಗೂ ಒಂದೇ ಗ್ಲಾಸು ಅನ್ಕೊಂಡೆ. ಎಂಜಲಾಗ್ತೈತೆ ಅಂತ ಎತ್ತಿ ಹಾಕ್ಕೊಂಡೆ."

ರಾಮಲಕ್ಷ್ಮಮ್ಮ ಅಮರನಾಥನ ಕಡೆ ತಿರುಗಿದಳು. "ಏಮ್ರಾ, ಸಿಗ್ಗು ಲೇದಾ ನೀಕು? ನಾಚ್ಕೆ ಆಗಲ್ವೇನೋ? ದೇಶಾಂತರ ಹೋದ್ರೂ ಎಂಜಲು ಮಾಡ್ದೆ ಎತ್ತಿ ಕುಡಿದವ್ಳೆ ನಮ್ಮನೆ ಹೆಣ್ಮಗ್ಳು. ಅದನ್ನ ಹಿಡ್ಕೊಂಡು ಊರೆಲ್ಲ ತೋರಿಸ್ತೀಯಾ? ತನ್ರೋ ಆ ಕಾಗ್ದ, ಒತ್ತುತೀನಿ."

ಸಭೆ ಹಗುರವಾಯಿತು. "ಸರಿ ಬಿಡ್ರಪ್ಪ, ಎತ್ತಿ ಕುಡಿದವ್ಳೆ," ಎಂದರು ಯಾರೋ. ಕೋದಂಡರಾಮಪ್ಪ ಇಂಕ್ ಪ್ಯಾಡನ್ನು ಮುಂದೆ ತಳ್ಳಿದ. ಕೆಲಸ ಸುನಂದಳ ಕೈಗೆ ಬಂದೇಬಿಟ್ಟಿತ್ತು.

ಅವಳು ಪತ್ರವನ್ನು ಕಿತ್ತುಕೊಂಡಳು.

"ಬೇಡ ಅತ್ತೆ. ಅದಕ್ಕೆ ಒತ್ತಬೇಡಿ."

"ಏನೇ ನಿಂದು?"

"ಕಚ್ಚಿ ಕುಡಿದಿದ್ರೆ ಏನ್ ಮಾಡ್ತಿದ್ರಿ? ನನ್ ನಾಲ್ಗೆ ಕೆಟ್ಟೋಗಿರೋದಾ?" ಅವಳ ದನಿ ಏರಿತು. "ಇನ್ನೊಂದ್ಸಲ ಹೋದ್ರೆ ಕಚ್ಚೇ ಕುಡೀತೀನಿ. ಉಗುಳಲ್ಲ, ನುಂಗ್ತೀನಿ. ಚೆನ್ನಾಗಿದ್ರೆ ಇನ್ನೊಂದು ಗ್ಲಾಸು ಕೇಳ್ತೀನಿ. ಆವಾಗ್ಲೂ ಗೋಣಿಚೀಲದ ವಾಸ್ನೆ ನಂಗೇ ಗೊತ್ತಾಗೋದು, ಈ ಭಾವಂಗಲ್ಲ! ನಾನು ಮಡಿವಂತೆ ಅಂತ ಸೈನ್ ಹಾಕೋದಾದ್ರೆ ನಂಗೆ ಬೇಡ. ಹಣ್ಣು ಗೊತ್ತು ಅಂತ ಹಾಕೋದಾದ್ರೆ ಹಾಕಿ."

ವೇಣುಗೋಪಾಲ್ "ಸುನಂದಮ್ಮಾ, ಸಾಕು ಬಿಡಿ, ಆಗೋಯ್ತಲ್ಲ" ಎಂದು ಪಿಸುಗುಟ್ಟಿದರು. ಅವಳು ಕೇಳಲಿಲ್ಲ. ಕವರುಗಳಲ್ಲಿ ಕೋದಂಡರಾಮಪ್ಪನದನ್ನು ಹುಡುಕಿ ತೆಗೆದಳು.

"ಅಣ್ಣ, ನಾಳೆ ಕೀಳ್ತೀರಂತೆ?"

"ಹೂಂ. ಸಿಹಿ ಅಳೆಯೋ ಮೆಷಿನ್ನು ಸಕ್ಕರೆ ಬಂದೈತೆ ಅಂತೈತೆ. ಅಮರನೂ ನಾಳೇನೇ."

ಸುನಂದ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡಳು. ಸಿಪ್ಪೆ ಜಗಿದಳು, ಬೀಜ ಕಡಿದಳು, ಅಂಗೈಗೆ ಉಗುಳಿ ಅಧ್ಯಕ್ಷನ ಮೂಗಿನ ಹತ್ತಿರ ಹಿಡಿದಳು. "ಸಕ್ಕರೆ ಬಂದೈತೆ. ಬೀಜ ಬಂದಿಲ್ಲ. ನೋಡಿ, ಇನ್ನೂ ಹಸುರು, ಕಂದು ಆಗ್ಬೇಕು. ಎಂಟು ದಿನ ಬೇಕು. ನಾಳೆ ಕಿತ್ತು ಕಳಿಸಿ, ಗೇಟಿಂದ ವಾಪಸ್ ಬರ್ತೈತೆ."

ರಾಮಲಕ್ಷ್ಮಮ್ಮ ಅದೇ ಗೊಂಚಲಿನಿಂದ ಒಂದು ಹಣ್ಣು ಕಿತ್ತು ಬಾಯಿಗೆಸೆದುಕೊಂಡಳು. ಅಗಿದಳು. ಬೀಜಕ್ಕೆ ಹಲ್ಲು ತಾಗುತ್ತಲೇ ಮುಖ ಕಿವುಚಿದಳು.

"ಥೂ! ಬರೀ ಒಗರು."

ಬಾಯಿ ಒರೆಸಿಕೊಂಡು, ಸೊಸೆಯ ಕೈಯಲ್ಲಿದ್ದ ಪತ್ರವನ್ನು ಎಳೆದುಕೊಂಡು ಹೆಬ್ಬೆಟ್ಟು ಒತ್ತಿದಳು. ಈ ಸಲ ಸುನಂದ ತಡೆಯಲಿಲ್ಲ. ಕೋದಂಡರಾಮಪ್ಪ ಅವಳ ಅಂಗೈಯ ಹಸಿರು ಬೀಜವನ್ನೇ ಇನ್ನೊಂದು ಗಳಿಗೆ ನೋಡಿ, ಜೇಬಿನಿಂದ ಪೆನ್ನು ತೆಗೆದ. ಅವನ ಹಿಂದೆ ಉಳಿದವರು ಬಂದರು.

ಅಮರನಾಥ ಕದಲಲಿಲ್ಲ. "ನಾನ್ ಹಾಕಲ್ಲ."

"ಹಾಕ್ಬೇಡಿ ಭಾವ," ಎಂದಳು ಸುನಂದ. "ನಾಳೆ ಬೆಳಿಗ್ಗೆ ಆಳು ಕರೀರಿ, ಕೀಳಿ. ನಾನು ನಿಮ್ ತೋಟದ ಕಡೆ ತಲೆ ಹಾಕಲ್ಲ."

ಅಮರನಾಥ ಮೇಜಿನ ಮೇಲಿದ್ದ ತನ್ನ ಕವರಿನ ಕಡೆ ನೋಡಿದ. ಅದನ್ನು ಅವಳು ಬಿಚ್ಚಿಯೂ ಇರಲಿಲ್ಲ. ಅದರಲ್ಲಿ ಬೀಜ ಹಸಿರೋ ಕಂದೋ, ಅವಳು ಹೇಳುವವಳಲ್ಲ. ಕೇಳಲು ಅವನಿಗೆ ಬಾಯಿಲ್ಲ.