ಎತ್ತಿದ ಅಂಗೈ

ಮಗಳ ಕಾಲು ಸಡಿಲವಾಗಲು ಆ ಕಂದು ಕುದುರೆಯೇ ಬೇಕು. ಬೆನ್ನು ಮಂಚದಷ್ಟು ಅಗಲ, ನಡಿಗೆಯಲ್ಲಿ ತೊಟ್ಟಿಲ ತೂಗು. ಜೀನು ಹಾಕದೆ ಬರೀ ಕಂಬಳಿ ಹಾಸಿ ಕೂರಿಸಿದರೆ, ಕತ್ತರಿಯಂತೆ ಒಂದಕ್ಕೊಂದು ಬಿಗಿದುಕೊಂಡ ತೊಡೆಗಳು ಅದರ ಮೈಬಿಸಿಗೆ ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದವು. ವಾರಕ್ಕೊಮ್ಮೆ ಪುಕ್ಕಟೆ ಸಿಗುವ ಈ ಸವಾರಿಗಾಗಿ ದರ್ಜಿಯಮ್ಮ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಗಾಲಿಕುರ್ಚಿಯನ್ನು ಬಸ್ಸಿಗೆ ಹತ್ತಿಸಿ, ಇಳಿಸಿ, ಮತ್ತೊಂದಕ್ಕೆ ಹತ್ತಿಸಿ ಬರುತ್ತಿದ್ದಳು. ಅವತ್ತೊಂದು ದಿನ ಮಗಳಿಗೆ ನೋವಿಲ್ಲದ ನಿದ್ದೆ.

ಇಂದು ಸವಾರಿ ಚಿಕಿತ್ಸೆಯ ಕೇಂದ್ರದ ಅಂಗಳದಲ್ಲಿ ನಿಂತಿದ್ದು ಬಿಳಿ ಕುದುರೆ. ಹೊಳೆಯುವ ಜೀನು, ಜೂಲಿಗೆ ಗುಲಾಬಿ ರಿಬ್ಬನ್ನು.

"ಇದ್ಯಾವ ಮದುಮಗಳಪ್ಪ?" ಎಂದಳು ದರ್ಜಿಯಮ್ಮ.

"ದಾನಿಗಳಿಗೆ ತೋರಿಸೋಕೆ ಫೋಟೋ ತೆಗೀತಾರಂತೆ ಅಕ್ಕ," ಕುದುರೆ ಹಿಡಿಯುವವನು ನೆಲ ನೋಡಿದ. "ಕಂದು ಬಣ್ಣ ಚೆನ್ನಾಗಿ ಬರಲ್ವಂತೆ."

ಮ್ಯಾನೇಜರ್ ಕೈ ಉಜ್ಜುತ್ತ ಬಂದ. "ಬನ್ನಿ ಅಮ್ಮ, ನಿಮ್ಮ ಪಾಪೂದೇ ಮೊದಲು. ಒಂದು ಸುತ್ತು ನಗ್ತಾ ಕೂತ್ರೆ ಆಯ್ತು."

"ಆಮೇಲೆ ಅವಳ ಸವಾರಿ?"

"ಇದೇ ಸವಾರಿ ತಾನೆ? ಕುದುರೆ ಅಂದ್ರೆ ಕುದುರೆ!"

ಹನ್ನೊಂದರ ಹುಡುಗಿ ಪಾಪುವಂತೆ! ದರ್ಜಿಯಮ್ಮನ ಮೈ ಉರಿಯಿತು. ಆದರೆ ಇಲ್ಲಿ ಕಾಯುವವರು ಬೇಕಾದಷ್ಟಿದ್ದರು. ಬಾಯಿಬಿಟ್ಟರೆ ಮಗಳ ಜಾಗ ಹೋದೀತೆಂದು ಹಲ್ಲು ಕಚ್ಚಿದಳು.

ಕುದುರೆ ಏರಲು ಇದ್ದ ಇಳಿಜಾರು ಕಟ್ಟೆಯ ಮೇಲೆ ಕುರ್ಚಿಯನ್ನು ತಳ್ಳಿದರು. ಕಾಲು ತಾನಾಗಿ ಸಡಿಲವಾಗಲಿ ಎಂದು ಕಾಯುವ ಪುರಸೊತ್ತು ಯಾರಿಗೂ ಇರಲಿಲ್ಲ. ಮ್ಯಾನೇಜರೇ ಮಂಡಿ ಹಿಡಿದು ಎಳೆದು ಕೂರಿಸಿದ. ಹುಡುಗಿಯ ಮುಖ ಬಿಳಿಚಿತು. ಕುದುರೆ ಕುಲುಕುತ್ತ ಹೊರಟ ಸ್ವಲ್ಪದರಲ್ಲೇ ಅವಳು ಬಲಗೈ ಎತ್ತಿ ಅಂಗೈ ಬಿಡಿಸಿದಳು.

ಆ ಅಂಗಳದ ಮೊದಲ ಪಾಠವೇ ಅದು. ಸವಾರ ಅಂಗೈ ಎತ್ತಿದರೆ ಕುದುರೆ, ಮನುಷ್ಯ, ಎಲ್ಲರೂ ನಿಂತಲ್ಲೇ ನಿಲ್ಲಬೇಕು. ನಾಲಿಗೆ ತೊಡರುವ ಮಕ್ಕಳಿಗೆ ಅದೇ ಕೂಗು. ಸದಾ ಮುಷ್ಟಿ ಬಿಗಿದಿರುವ ಈ ಹುಡುಗಿ ಆ ಐದು ಬೆರಳು ಬಿಡಿಸಲು ಒಂದಿಡೀ ಬೇಸಿಗೆ ಒದ್ದಾಡಿದ್ದಳು.

"ಸೂಪರ್!" ಫೋಟೋಗ್ರಾಫರ್ ಕುಣಿದ. "ಟಾಟಾ ಮಾಡ್ತಿದಾಳೆ! ಇನ್ನೊಂದ್ಸಲ ಪುಟ್ಟಿ!"

"ಟಾಟಾ!" ಮ್ಯಾನೇಜರೂ ಕೈ ಬೀಸಿದ. ಕಚೇರಿಯ ಕಿಟಕಿಯಿಂದಲೂ ಕೈಗಳು ಬೀಸಿದವು. ಕುದುರೆ ಹಿಡಿದವನು ಅಂಗೈ ಕಂಡು ತಡೆದ.

"ನಡಿಯಯ್ಯ, ನಡಿ!" ಮ್ಯಾನೇಜರ್ ಗದರಿದ.

ಅವನು ನಡೆದ. ಹುಡುಗಿಯ ಅಂಗೈ ಇನ್ನೂ ಮೇಲೆಯೇ ಇತ್ತು.

ದರ್ಜಿಯಮ್ಮ ಬೇಲಿ ದಾಟಿದಳು. ಅಷ್ಟು ಸಿಟ್ಟಿನಲ್ಲೂ ಓಡಲಿಲ್ಲ, ಕುದುರೆ ಬೆದರೀತೆಂದು. ಅದರೆದುರು ಹೋಗಿ ನಿಂತಳು.

"ನಿಲ್ಸಿ ಅಂತ ಹೇಳ್ತಿದೆ ಮಗು, ನೀವು ಟಾಟಾ ಆಡ್ತೀರಾ? ಇದು ನೀವೇ ಕಲಿಸಿದ ಕೈ! ನಿಮ್ಮ ಕಣ್ಣೇನು ಕಚೇರೀಲಿ ಬಿಟ್ಟು ಬಂದ್ರಾ?"

ಮಗಳನ್ನು ಇಳಿಸಿ ಕುರ್ಚಿಗೆ ಕೂರಿಸುವಾಗ ಕಾಲುಗಳು ಮರದ ಕೊರಡಾಗಿದ್ದವು.

"ಸರಿ, ಇಷ್ಟವಿಲ್ಲದಿದ್ರೆ ಮನೆಗೆ ಹೋಗಿ," ಎಂದ ಮ್ಯಾನೇಜರ್. "ಮುಂದಿನ ಮಗು ಬರಲಿ."

ಅವಳು ಹೋಗಲಿಲ್ಲ. ಕುರ್ಚಿಯನ್ನು ಮತ್ತೆ ಕಟ್ಟೆಗೇರಿಸಿ, ಬ್ರೇಕು ಒತ್ತಿ, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಕುದುರೆ ಏರಲು ಬೇರೆ ದಾರಿಯಿರಲಿಲ್ಲ.

"ಏಳಿ ಮೇಲೆ."

"ನಮ್ಮ ಸವಾರಿ ಆಗಿಲ್ಲ."

"ಯಾರು ಯಾರಿಗೆ ಉಪಕಾರ ಮಾಡ್ತಿರೋದು, ನೆನಪಿದೆಯಾ?"

"ಇದೆ. ಇವತ್ತು ನಾವು ನಿಮಗೆ. ಫೋಟೋಗೆ ಮಕ್ಕಳು ಬೇಕಲ್ಲ!"

ಮಗನ ತಲೆ ಬಾಚಿ ಸಿದ್ಧನಾಗಿ ನಿಂತಿದ್ದ ಒಬ್ಬ ತಂದೆ ಗೊಣಗಿದ: "ಸ್ವಲ್ಪ ಜಾಗ ಬಿಡಿ ಅಕ್ಕ, ನಮ್ಮವನಿಗೆ ಬಿಸಿಲು ತಡೆಯೋಕಾಗಲ್ಲ."

"ನೆರಳಿಗೆ ಕರ್ಕೊಂಡು ಹೋಗಿ ಅಣ್ಣ. ನಾಳೆ ನಿಮ್ಮ ಮಗ ಕೈ ಎತ್ತಿದರೂ ಇವರು ಟಾಟಾ ಅಂತಾರೆ."

ಅವನು ಮಗನನ್ನು ನೆರಳಿಗೆ ಕರೆದೊಯ್ದ.

"ಸಾರ್, ಬಿಸಿಲೇರಿದ್ರೆ ಫೋಟೋ ಕೆಡುತ್ತೆ," ಎಂದ ಫೋಟೋಗ್ರಾಫರ್.

ಮ್ಯಾನೇಜರ್ ಉಗಿದಂತೆ ಹೇಳಿದ: "ಆ ಕಂದು ಕುದುರೆ ತಗೊಂಬಾರಯ್ಯ."

"ಜೀನು ಬೇಡ, ಕಂಬಳಿ," ದರ್ಜಿಯಮ್ಮ ಕೂತಲ್ಲಿಂದಲೇ ಅಂದಳು. "ಅದಕ್ಕೂ ಮೊದಲು ಆ ಟಾಟಾ ಫೋಟೋ ಅಳಿಸಿ."

"ಅಮ್ಮ, ಅದೇ ಎಲ್ಲಕ್ಕಿಂತ ಚೆನ್ನಾಗಿ…" ಫೋಟೋಗ್ರಾಫರ್ ರಾಗ ಎಳೆದ.

"ಅಳಿಸಿ. ಕ್ಯಾಮೆರಾ ಅವಳಿಗೆ ಕೊಡಿ, ಅವಳೇ ಅಳಿಸ್ಲಿ."

ಕ್ಯಾಮೆರಾ ಮಗಳ ತೊಡೆಯ ಮೇಲೆ ಬಂತು. ಅವಳು ತನ್ನ ಚಿತ್ರವನ್ನು ದಿಟ್ಟಿಸಿ ನೋಡಿ ಬೆರಳು ಚಾಚಿದಳು. ಬೆರಳು ಗುಂಡಿ ತಪ್ಪಿ ಆಚೆ ಜಾರಿತು, ಮತ್ತೆ ತಪ್ಪಿತು. ಒತ್ತಿಕೊಡಲು ಬಂದ ಮ್ಯಾನೇಜರನ ಕೈಯನ್ನು ದರ್ಜಿಯಮ್ಮ ಹೊಡೆದು ಸರಿಸಿದಳು. ಬಿಸಿಲು ಏರುತ್ತಿತ್ತು. ಎಲ್ಲರೂ ಕಾಯಬೇಕಾಯಿತು.